ನೋವು ರಜೆ ಹಾಕಿದ ದಿನ

ಆ ಗುರುವಾರ ಬೆಳಿಗ್ಗೆ ಎಮ್ರಿಸ್ ಪ್ಯೂಗೆ ಎಚ್ಚರವಾದಾಗ ಮೈಯಲ್ಲಿ ಎಲ್ಲೂ ನೋಯುತ್ತಿರಲಿಲ್ಲ. ಅಂದಿನ ಅನರ್ಥಕ್ಕೆಲ್ಲ ಅದೇ ಮೂಲ.

ಮೊದಲು ಅವನು ನಂಬಲಿಲ್ಲ. ಹೊದಿಕೆಯೊಳಗೇ ಬಲಮಂಡಿ ಮಡಚಿ ನೋಡಿದ. ಮಡಚಿತು. ಎಡಮಂಡಿಯನ್ನೂ ಮಡಚಿದ. ಅದೂ ತಕರಾರಿಲ್ಲದೆ ಮಡಚಿತು. ಎದ್ದು ನಿಂತ. ಕಿಟಕಿಯವರೆಗೆ ನಡೆದ. ಗಾಬರಿಯಿಂದ ಬೆವರು ಕಿತ್ತುಕೊಂಡು ಬಂತು.

“ನೆಸ್ಟಾ, ಬೇಗ ಬಾ,” ಅಂತ ಹೆಂಡತಿಯನ್ನು ಕೂಗಿದ. “ನಂಗೇನೂ ಆಗಿಲ್ಲ ಕಣೆ.”

ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದ ನೆಸ್ಟಾ ಚಾಕು ಹಿಡಿದೇ ಓಡಿಬಂದಳು. ಗಂಡ ಸಾಮಾನ್ಯ ಮನುಷ್ಯನ ಹಾಗೆ ನಿಂತಿರುವುದನ್ನು ನೋಡಿ ಮಂಚದ ಮೇಲೆ ಕುಸಿದಳು. “ಇವತ್ತೇ ಆಗ್ಬೇಕಿತ್ತಾ ಇದು?” ಅಂದಳು.

ಎಮ್ರಿಸ್‌ನ ಸಂಧಿವಾತಕ್ಕೆ ಹೊತ್ತುಗೊತ್ತು ಇಲ್ಲ. ಬಂದರೆ ವಾರಗಟ್ಟಲೆ ಠಿಕಾಣಿ ಹೂಡುತ್ತದೆ, ಹೋಗುವಾಗ ಹೇಳದೆ ಕೇಳದೆ ಒಂದು ದಿನದ ಮಟ್ಟಿಗೆ ಎದ್ದು ಹೋಗುತ್ತದೆ. ಹಿಂದಿನ ವಾರವೆಲ್ಲ ಅವನು ಮೆಟ್ಟಿಲಿಳಿದದ್ದು ಕೂತುಕೊಂಡು, ಒಂದೊಂದೇ ಮೆಟ್ಟಿಲು ಜಾರುತ್ತ. ಅಂಥವನನ್ನು ಕೌನ್ಸಿಲ್ ಕಚೇರಿಯವರು ಆ ದಿನ ಹತ್ತು ಗಂಟೆಗೆ ಪರೀಕ್ಷೆಗೆ ಕರೆದಿದ್ದರು. ನಡೆಯಲಾಗದವರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಲು ಅವರೊಂದು ನೀಲಿ ಬಿಲ್ಲೆ ಕೊಡುತ್ತಾರೆ. ಕಳೆದ ಸಲ ಪರೀಕ್ಷೆಯ ದಿನವೂ ನೋವು ಹೀಗೇ ಕೈಕೊಟ್ಟು, ಬಿಲ್ಲೆ ಸಿಕ್ಕಿರಲಿಲ್ಲ. ಈ ಸಲವೂ ಇಲ್ಲ ಅಂದರೆ ಇನ್ನು ಮುಂದಿನ ವರ್ಷವೇ.

ಮುಂದಿನ ವರ್ಷಕ್ಕೆ ಎಮ್ರಿಸ್‌ಗೆ ಹಾಡಲು ಕುರ್ಚಿ ಇರುವುದಿಲ್ಲ. ಊರಿನ ಗಂಡಸರ ಗಾಯನ ಮೇಳ ಪ್ರತಿ ಗುರುವಾರ ಸಂಜೆ ಗುಡ್ಡದ ತುದಿಯ ಚಾಪೆಲ್ ಎಂಬ ಪುಟ್ಟ ಚರ್ಚಿನಲ್ಲಿ ಸೇರುತ್ತದೆ. ಚಾಪೆಲಿನ ಮುಂದೆ ಮೀಸಲು ಜಾಗ ಒಂದೇ ಒಂದು. ಉಳಿದವರೆಲ್ಲ ಗುಡ್ಡದ ಬುಡದಲ್ಲಿ ಕಾರು ಬಿಟ್ಟು ಹತ್ತಬೇಕು. ಕ್ರಿಸ್‌ಮಸ್‌ನಿಂದೀಚೆಗೆ ಎಮ್ರಿಸ್ ಆ ಕಡೆ ಹೋಗಿಲ್ಲ. ಅವನ ಕುರ್ಚಿಯಲ್ಲಿ ಈಗ ಪಕ್ಕದೂರಿನ ಹಲ್ಲಿನ ಡಾಕ್ಟರು ಕೂರುತ್ತಾನೆ ಎಂದು ಸುದ್ದಿ ಬಂದಿತ್ತು. ಅದನ್ನು ಕೇಳಿದ ರಾತ್ರಿ ಎಮ್ರಿಸ್ ಅತ್ತಿದ್ದ. ಮಂಡಿ ನೋವಿಗೆ ಅವನು ಒಮ್ಮೆಯೂ ಅತ್ತವನಲ್ಲ.

ನೋವು ಮಾಯವಾದ ಸುದ್ದಿ ಗೋಡೆ ದಾಟುವುದು ತಡವಾಗಲಿಲ್ಲ. ಪಕ್ಕದ ಮನೆಯ ಮಿಸೆಸ್ ಬೆವನ್ ಸತ್ತ ಗಂಡನ ಊರುಗೋಲು ಹಿಡಿದು ಬಂದೇಬಿಟ್ಟರು.

“ಗಡ್ಡ ಹೆರೀಬೇಡ. ತಲೆ ಬಾಚ್ಬೇಡ. ಈ ಕೋಲು ಹಿಡ್ಕೊ, ಎಡಗಾಲು ಎಳೀತಾ ಹೋಗು,” ಅಂದರು.

“ನಂಗೆ ಸುಳ್ಳು ಹೇಳೋಕೆ ಬರಲ್ಲ ಮಿಸೆಸ್ ಬೆವನ್.”

“ಸುಳ್ಳು ಯಾರು ಹೇಳು ಅಂದ್ರು? ಬಾಯಿ ಮುಚ್ಕೊಂಡು ಕಾಲೆಳಿ ಅಂದೆ ಅಷ್ಟೆ.”

ಎಮ್ರಿಸ್ ಅಡುಗೆಮನೆಯಲ್ಲೇ ಎಳೆದು ತೋರಿಸಿದ. ಮೊದಲು ಎಡಗಾಲು ಎಳೆದ, ತಿರುಗಿ ಬರುವಾಗ ಬಲಗಾಲು. ಮಿಸೆಸ್ ಬೆವನ್ ಊರುಗೋಲು ವಾಪಸ್ ಇಸಿದುಕೊಂಡರು.

ಅಷ್ಟರಲ್ಲಿ ಎದುರು ಮನೆಯ ಇಡ್ವಲ್ ಬಂದ. ನಿವೃತ್ತ ಬಸ್ ಡ್ರೈವರು, ಮೇಳದಲ್ಲಿ ಕೆಳಗಿನ ಸ್ವರದವನು, ಎಮ್ರಿಸ್‌ನ ಬಾಲ್ಯದ ಗೆಳೆಯ. ಎಲ್ಲ ಕೇಳಿ ಗಂಭೀರವಾಗಿ ಮೀಸೆ ಸವರಿಕೊಂಡ.

“ನಾಟಕ ಯಾಕೋ ಬೇಕು? ನೋವು ತಾನಾಗಿ ಬರ್ಲಿಲ್ಲ ಅಂದ್ರೆ ನಾವೇ ಹೋಗಿ ಕರ್ಕೊಂಡ್ಬರೋಣ. ಚಾಪೆಲ್ ಗುಡ್ಡ ಹತ್ತಿಳಿ. ನಿನ್ನದೇ ನೋವು, ನಿನ್ನದೇ ಮಂಡಿ. ಇದರಲ್ಲಿ ಮೋಸ ಎಲ್ಲಿದೆ?”

“ನೀನೂ ಬರ್ತೀಯಾ?”

“ಒಬ್ಬನ್ನೇ ಕಳಿಸ್ತೀನಾ ಮಾರಾಯ?”

ಇಬ್ಬರೂ ಗುಡ್ಡ ಹತ್ತಿದರು. ಇಡ್ವಲ್ ಅಲ್ಲಲ್ಲಿ ನಿಂತು, ಆ ಕುರಿ ನೋಡು, ಈ ಬೇಲಿ ನೋಡು ಅನ್ನುತ್ತಿದ್ದ. ಎಮ್ರಿಸ್‌ಗೆ ಕುರಿ ನೋಡುವ ವ್ಯವಧಾನವಿರಲಿಲ್ಲ. ಮಂಡಿಯ ಕಡೆಗೇ ಗಮನ. ತುದಿ ಮುಟ್ಟಿದರೂ ಮಂಡಿ ಚಕಾರ ಎತ್ತಲಿಲ್ಲ. ಇಳಿದು ಮತ್ತೆ ಹತ್ತಿದರು. ಹಸಿವಾಯಿತೇ ಹೊರತು ನೋವಾಗಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ “ಅರೆ ಎಮ್ರಿಸ್, ಹುಡುಗನ ಹಾಗಿದ್ದೀಯಲ್ಲ” ಎಂದು ಬೆನ್ನು ತಟ್ಟುತ್ತಿದ್ದರೆ, ಶವಯಾತ್ರೆಯಲ್ಲಿ ಹೋಗುವವನಂತೆ ಮುಖ ಮಾಡಿಕೊಂಡು ಅವನು ಥ್ಯಾಂಕ್ಸ್ ಹೇಳುತ್ತಿದ್ದ.

ಹತ್ತು ಗಂಟೆಗೆ ನೆಸ್ಟಾಳ ಜೊತೆ ಬಂದು, ಕೌನ್ಸಿಲ್ ಕಚೇರಿಯ ಅಂಗಳದಲ್ಲಿ ಎಮ್ರಿಸ್ ಕಾರಿನಿಂದ ಕಾಲು ಹೊರಗಿಟ್ಟಾಗ ಪವಾಡ ನಡೆಯಿತು. ಬಲಮಂಡಿಯಲ್ಲಿ ಮೊಳೆ ಹೊಡೆದಂತಾಯಿತು. ಹಿಂದೆಯೇ ಎಡಮಂಡಿ, ಆಮೇಲೆ ಸೊಂಟ. ಬೆಳಗಿನಿಂದ ತಡೆದಿಟ್ಟಿದ್ದೆಲ್ಲ ಒಟ್ಟಿಗೇ ಬಂದು ಎರಗಿತು. ಎಮ್ರಿಸ್ ಕಾರಿನ ಬಾಗಿಲು ಹಿಡಿದು ನರಳಿದ. ಆದರೆ ಮುಖದ ತುಂಬ ನಗು.

“ಬಂತು ನೆಸ್ಟಾ, ಬಂತು,” ಅಂದ.

“ದೇವ್ರು ದೊಡ್ಡವನು,” ಅಂದಳು ನೆಸ್ಟಾ.

ಕಾಲೆಳೆಯುವ ಪಾಠ ಈಗ ಬೇಕಿರಲಿಲ್ಲ. ಗೋಡೆ ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಎಮ್ರಿಸ್ ಹೊರಟ. ಅಂಗಳ ಅರ್ಧ ದಾಟಿರಬೇಕು, ಆಚೆ ತುದಿಯ ಕಚೇರಿ ಬಾಗಿಲು ತೆರೆದುಕೊಂಡಿತು. ಕನ್ನಡಕದ ಹೆಂಗಸೊಬ್ಬರು ಅವನನ್ನು ಕಂಡು, ಆ ಭಾರದ ಬಾಗಿಲನ್ನು ಭುಜದಿಂದ ತಡೆದು ಹಿಡಿದು ನಿಂತರು.

“ನಿಧಾನವಾಗಿ ಬನ್ನಿ, ಅವಸರವೇನಿಲ್ಲ,” ಅಂದರು.

ನಿಮಗಾಗಿ ಒಬ್ಬರು ಬಾಗಿಲು ಹಿಡಿದು ನಿಂತಿದ್ದಾರೆ. ಅವರನ್ನು ಕಾಯಿಸುವುದುಂಟೇ? ಆ ಊರಿನಲ್ಲಿ ಹುಟ್ಟಿದ ಯಾವ ಪ್ರಾಣಿಯೂ ಅದನ್ನು ಮಾಡಿಲ್ಲ. ಎಮ್ರಿಸ್‌ಗೆ ಮಂಡಿ ಮರೆತುಹೋಯಿತು, ಬಿಲ್ಲೆ ಮರೆತುಹೋಯಿತು. “ಸಾರಿ, ಸಾರಿ” ಅನ್ನುತ್ತ, ಮೊಣಕೈ ಎತ್ತಿ, ಕುದುರೆಮರಿಯ ಹಾಗೆ ಟಕಟಕ ಓಡಿ ಬಾಗಿಲು ಸೇರಿದ. ಅಂಗಳದಲ್ಲಿ ನಿಂತಿದ್ದ ನೆಸ್ಟಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ನಾನು ಮಿಸ್ ಪ್ರಿಚರ್ಡ್,” ಅಂದರು ಆ ಹೆಂಗಸು. “ನಿಮ್ಮ ಪರೀಕ್ಷೆ ಮಾಡೋಳು ನಾನೇ.”

ಎಮ್ರಿಸ್‌ಗೆ ಗರ ಬಡಿದಂತಾಯಿತು. ಒಳಗೆ ಕುರ್ಚಿಯಲ್ಲಿ ಕೂತವನಿಗೆ ಮತ್ತೆ ಏಳುವುದೇ ಕಷ್ಟವಾಯಿತು. ಮೇಜಿನಿಂದ ಕಿಟಕಿಯವರೆಗೆ ನಡೆಯಿರಿ ಅಂದದ್ದಕ್ಕೆ ನಾಲ್ಕು ಹೆಜ್ಜೆ ಇಟ್ಟು ಗೋಡೆಗೆ ಒರಗಿದ. ಮುಖ ಸುಣ್ಣದಂತಾಗಿತ್ತು. ಮಿಸ್ ಪ್ರಿಚರ್ಡ್ ಕನ್ನಡಕದ ಮೇಲಿಂದ ನೋಡಿದರು.

“ಮಿಸ್ಟರ್ ಪ್ಯೂ, ಈಗ ತಾನೇ ನೀವು ಓಡಿದ್ದನ್ನ ನಾನು ಕಣ್ಣಾರೆ ನೋಡಿದೆ. ಅದೂ ನಗ್ತಾ.”

“ನೀವು ಬಾಗಿಲು ಹಿಡ್ಕೊಂಡು ನಿಂತಿದ್ರಲ್ಲ ಮೇಡಂ.”

“ನಿಧಾನವಾಗಿ ಬನ್ನಿ ಅಂದೆ.”

“ಅದಕ್ಕೇ ಓಡಿದ್ದು.”

ಮಿಸ್ ಪ್ರಿಚರ್ಡ್ ಪೆನ್ನು ಕೆಳಗಿಟ್ಟರು. ಅವರ ಮುಖ ಕೆಂಪಾಗುತ್ತ ಬಂತು.

“ಹೋದ ಚಳಿಗಾಲದಲ್ಲಿ ನನ್ನ ಕಾಲ್ಬೆರಳು ಮುರಿದಿತ್ತು,” ಅಂದರು ಕೊನೆಗೆ. “ಬ್ಯಾಂಕಿನ ಬಾಗಿಲಲ್ಲಿ ಪಾದ್ರಿಗಳು ಹೀಗೇ ಹಿಡ್ಕೊಂಡು ನಿಂತಿದ್ರು. ನಾನೂ ಓಡಿದೆ. ಇನ್ನೊಂದು ಬೆರಳೂ ಮುರೀತು.”

“ಅಯ್ಯೋ ಪಾಪ.”

“ಇಷ್ಟು ವರ್ಷ ಈ ಕೆಲಸ ಮಾಡ್ತಿದ್ದೀನಿ. ನಾನು ಬಾಗಿಲು ಹಿಡೀತೀನಿ, ಜನ ಓಡ್ತಾರೆ, ನಾನು ‘ಓಡಬಲ್ಲರು’ ಅಂತ ಬರೀತೀನಿ.” ಅವರು ತಮ್ಮ ಮಾತಿಗೆ ತಾವೇ ಬೆಚ್ಚಿಬಿದ್ದು ನೀರು ಕುಡಿದರು. ಆಮೇಲೆ ಆಸ್ಪತ್ರೆಯ ವರದಿಗಳನ್ನೆಲ್ಲ ಮೊದಲಿಂದ ಓದಿದರು. ಒಳ್ಳೆಯ ದಿನ ಎಷ್ಟು, ಕೆಟ್ಟ ದಿನ ಎಷ್ಟು ಎಂದು ಕೇಳಿದರು. ಬಿಲ್ಲೆ ಅಚ್ಚು ಹಾಕುವ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ನೀಲಿ ಬಿಲ್ಲೆ ಎಮ್ರಿಸ್‌ನ ಕೈಯಲ್ಲಿತ್ತು. ಹೊರಗೆ ಹೋಗುವಾಗ ಮಿಸ್ ಪ್ರಿಚರ್ಡ್ ಬಾಗಿಲ ಹತ್ತಿರ ಸುಳಿಯದೆ ಬೆನ್ನು ತಿರುಗಿಸಿ ನಿಂತಿದ್ದರು.

ಸಂಜೆಯಾಗುವುದನ್ನೇ ಕಾದು, ಎಮ್ರಿಸ್ ಒಬ್ಬನೇ ಕಾರು ಹತ್ತಿದ. ಕಾಲು ಸಿಡಿಯುತ್ತಿತ್ತು, ಆದರೂ ಗುಡ್ಡದ ಬುಡದಲ್ಲಿ ನಿಂತ ಕಾರುಗಳನ್ನು ದಾಟಿ ಮೇಲೆ ಹೋಗುವಾಗ ಆದ ಸಂತೋಷವನ್ನು ಅವನು ಯಾರಿಗೂ ಹೇಳಿ ಮುಗಿಸಲಾರ. ಚಾಪೆಲಿನ ಮುಂದಿನ ಜಾಗ ಖಾಲಿ ಇತ್ತು. ಬಾಗಿಲಿಗೆ ಹತ್ತೇ ಹೆಜ್ಜೆ. ಒಳಗೆ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು.

ಇನ್ನೇನು ಆ ಜಾಗಕ್ಕೆ ಕಾರು ತಿರುಗಿಸಬೇಕು, ಅಷ್ಟರಲ್ಲಿ ಹಿಂದೆ ಇನ್ನೊಂದು ಕಾರು ಬಂದು ನಿಂತಿತು. ಇಡ್ವಲ್‌ನದು. ಬುಡದಲ್ಲಿ ನಿಲ್ಲಿಸುವವನು ಇಲ್ಲಿಗೇಕೆ ಬಂದ ಎಂದು ಎಮ್ರಿಸ್ ತಿರುಗಿ ನೋಡಿದ. ಇಡ್ವಲ್‌ನ ಗಾಜಿನ ಹಿಂದೆ, ದೀಪದ ಬೆಳಕಿನಲ್ಲಿ, ನೀಲಿ ಬಿಲ್ಲೆ ಕಂಡಿತು.

ಎಮ್ರಿಸ್ ಹೇಗೋ ಇಳಿದು, ಕಾರು ಹಿಡಿದುಕೊಂಡು ಹಿಂದೆ ಹೋದ. ಇಡ್ವಲ್ ಕಿಟಕಿ ಇಳಿಸಿದ. ತುಟಿ ನೀಲಿಗಟ್ಟಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು.

“ಯಾವಾಗಿಂದ ಇದು?”

“ಶ್ವಾಸಕೋಶ ಸ್ವಲ್ಪ. ಎರಡು ವರ್ಷ ಆಯ್ತು. ಒಂದು ದಿನ ಚೆನ್ನಾಗಿರ್ತದೆ, ಒಂದು ದಿನ ಇಲ್ಲ. ಯಾರಿಗೂ ಹೇಳೋವಂಥದ್ದೇನಲ್ಲ. ಇಲ್ಲಿ ನಿಲ್ಲಿಸೋಕೆ ಇವತ್ತೇ ಮೊದಲು ಬಂದಿದ್ದು. ಬೆಳಿಗ್ಗೆ ಎರಡು ಸಲ ಹತ್ತಿದ್ದು ಒಂಚೂರು ಜಾಸ್ತಿ ಆಯ್ತು ನೋಡು.”

ಎಮ್ರಿಸ್‌ಗೆ ಈಗ ಅರ್ಥವಾಯಿತು. ಈ ಪುಣ್ಯಾತ್ಮ ತನಗೆ ನೋವು ಹುಡುಕಿಕೊಡಲು ಹೋಗಿ ಉಸಿರು ಕಳೆದುಕೊಂಡಿದ್ದಾನೆ. “ಜಾಗ ನಿಂದು. ನಿಲ್ಸು,” ಅಂದ.

“ಛೆ, ಮೊದ್ಲು ಬಂದವನು ನೀನು. ನೀನು ನಿಲ್ಸು.”

“ನಂಗೇನೂ ಆಗಿಲ್ಲ ಕಣೋ.”

“ನಂಗೂ ಏನೂ ಆಗಿಲ್ಲ.”

ಒಬ್ಬ ಮಂಡಿ ನಡುಗದಂತೆ ಕಾರಿಗೆ ಆತುಕೊಂಡು, ಇನ್ನೊಬ್ಬ ಎರಡು ಮಾತಿಗೊಮ್ಮೆ ಉಸಿರೆಳೆದುಕೊಂಡು, ಬಹಳ ಹೊತ್ತು ಹೀಗೇ ಮರ್ಯಾದೆ ಮಾಡಿಕೊಂಡರು. ಹಿಂದೆ ಹಾಲಿನ ವ್ಯಾನೊಂದು ಬಂದು ನಿಂತಿತು. ಅದರವನು ಹಾರನ್ ಹೊಡೆಯಲಿಲ್ಲ; ಅಡ್ಡ ಬಂದದ್ದಕ್ಕೆ ಕೈ ಎತ್ತಿ ಕ್ಷಮೆ ಕೇಳಿದ. ಅವನನ್ನೂ ಕಾಯಿಸಬೇಕಾಯಿತಲ್ಲ ಎಂದು ಇಬ್ಬರಿಗೂ ನಾಚಿಕೆಯಾಗಿ, ವ್ಯಾನಿಗೆ ದಾರಿ ಬಿಟ್ಟು, ಕಾರು ತಿರುಗಿಸಿಕೊಂಡು ಗುಡ್ಡ ಇಳಿದುಬಿಟ್ಟರು.

ಬುಡದಲ್ಲಿ ಕಾರು ಬಿಟ್ಟು, ಒಬ್ಬರ ತೋಳು ಒಬ್ಬರು ಹಿಡಿದು ಹತ್ತತೊಡಗಿದರು. ಅರ್ಧ ದಾರಿಯಲ್ಲಿ ಬೇಲಿಗೆ ಒರಗಿ ಕೂತಾಗ ಮೇಲಿನಿಂದ ಹಾಡು ತೇಲಿ ಬಂತು. ಮೇಲಿನ ಸ್ವರದಲ್ಲಿ ಹಲ್ಲಿನ ಡಾಕ್ಟರು ಚೆನ್ನಾಗಿಯೇ ಹಾಡುತ್ತಿದ್ದ.

“ಮುಂದಿನ ಗುರುವಾರ ನೀನೇ ಅಲ್ಲಿ ನಿಲ್ಲಿಸ್ಬೇಕು,” ಅಂದ ಇಡ್ವಲ್, ಉಸಿರು ಸಿಕ್ಕಿದ ಮೇಲೆ.

“ನೋಡೋಣ,” ಅಂದ ಎಮ್ರಿಸ್.

ಮುಂದಿನ ಗುರುವಾರ ಇಬ್ಬರೂ ಮನೆಯಿಂದ ಬೇಗನೆ ಹೊರಟರು. ಮೇಲಿನ ಜಾಗ ಗೆಳೆಯನಿಗೇ ಇರಲಿ ಎಂದು, ಒಬ್ಬರಿಗೊಬ್ಬರು ತಿಳಿಸದೆ, ಇಬ್ಬರೂ ಗುಡ್ಡದ ಬುಡದಲ್ಲೇ ಕಾರು ನಿಲ್ಲಿಸಿದರು.