ಮೆದೆಭಂಗವೂ ಕುಕ್ಕುಟಸಮರವೂ

ಸಹಸ್ರಕಿರಣಧರನೂ ಸಕಲಸಸ್ಯಪೋಷಕನೂ ಆದ ಸೂರ್ಯದೇವನೇ, ನಿನಗೆ ಮೊದಲ ನಮಸ್ಕಾರ! ನೀನು ರಾಗಿಹೊಲದ ಮೇಲೆ ಸುರಿದ ತೇಜಸ್ಸು ಹುಲ್ಲಾಗಿ, ಹುಲ್ಲು ಗೆದ್ದಲಾಗಿ, ಗೆದ್ದಲು ಹುಂಜವಾಗಿ, ಕೊನೆಗೆ ಯಾರ ಮಡಿಲು ಸೇರಿತೆಂಬ ಘೋರ ಕಥನವಿದು. ಕೇಳುವವರು ಎಲೆಅಡಿಕೆ ಹಾಕಿಕೊಂಡು ಸಾವಧಾನವಾಗಿ ಕೂರಲಿ.

ಬೋರೆಕೊಪ್ಪಲಿನಲ್ಲಿ ಒಂದೇ ಹಿತ್ತಿಲಿನ ಇಬ್ಬರು ವಾರಗಿತ್ತಿಯರು. ಹಿರಿಯಳು ಪೊರಕೆಪಾಣಿಯೂ ಕುಕ್ಕುಟಕುಲಪಾಲಿನಿಯೂ ಆದ ಕೆಂಪಾಜಮ್ಮ. ಕಿರಿಯಳು ತೃಣಪರ್ವತಾಧೀಶ್ವರಿ ಜವರಮ್ಮ. ಆ ತೃಣಪರ್ವತವೆಂದರೆ ಅವಳ ರಾಗಿಹುಲ್ಲಿನ ಮೆದೆ.

ಕೆಂಪಾಜಮ್ಮನ ಮಗಳು ಮಂಗಳ ಬಾಣಂತಿ. ಕೂಸಿಗೆ ಹಾಲು ಸಾಲದು. ಮಗಳಿಗೆ ಮೆಣಸಿನ ಸಾರು ಮಾಡಿ ಹಾಕಲೆಂದೇ ಕೆಂಪಾಜಮ್ಮ ಬಸಿರಿನ ಸುದ್ದಿ ಕೇಳಿದ ದಿನದಿಂದ ಕೆಂಚನೆಂಬ ಹುಂಜವನ್ನು ಸಾಕಿದ್ದಳು. ಹಳೆಯ ಮಡಕೆಗೆ ಹುಲ್ಲು, ಸಗಣಿ ತುಂಬಿ, ನೀರು ಚಿಮುಕಿಸಿ, ತಿಪ್ಪೆಯ ಪಕ್ಕ ಕವುಚಿಡುವಳು. ಬೆಳಗ್ಗೆ ಎತ್ತಿ ಕೊಡವಿದರೆ ಗೆದ್ದಲಿನ ಅಕ್ಷೌಹಿಣಿಯೇ ಕೆಂಚನ ಮುಂದೆ ಉದುರುವುದು. ಆ ಹುಲ್ಲು ಮಾತ್ರ ಜವರಮ್ಮನ ಮೆದೆಯದು. ಹಿಂಬದಿಯ ಬುಡದಿಂದ, ‘ಒಂದು ಹಿಡಿ ತಾನೆ’ ಎಂದುಕೊಂಡು, ದಿನವೂ ಅದೇ ತೂತಿನಿಂದ ಎಳೆದದ್ದು.

ಹೀಗಿರಲು ಒಂದು ಪ್ರಾತಃಕಾಲ, ದಿಗ್ಗಜಗಳು ಬೆಚ್ಚುವಂತೆ, ಮೆದೆ ಮಗುಚಿಕೊಂಡಿತು. ತೂತು ಕಂಡಿತು, ತೂತಿನಿಂದ ಮಡಕೆಯವರೆಗೆ ಉದುರಿದ ಹುಲ್ಲಿನ ದಾರಿಯೂ ಕಂಡಿತು.

“ಏನಕ್ಕ, ಹೆಗ್ಗಣ ಕೊರೀತದೆ ಅನ್ಕಂಡಿದ್ದೆ. ಹೆಗ್ಗಣ ಸೀರೆ ಉಟ್ಕಂಡು ಬತ್ತಿತ್ತಾ?” ಎಂದು ಜವರಮ್ಮ ಸಿಂಹನಾದಗೈದಳು.

“ಒಂದಿಡಿ ಹುಲ್ಗೆ ಇಷ್ಟು ಬಾಯೇನಮ್ಮಿ?”

“ಆ ಹುಂಜದ ಮೈಯೆಲ್ಲ ನನ್ನ ಹುಲ್ಲೇ ಕನಕ್ಕ! ಗೆದ್ಲು ಬಾಯಿ ಸುತ್ಕಂಡು ಬಂದದೆ, ಅಷ್ಟೆ. ತತ್ತ ಇಲ್ಲಿ!”

ಕೆಂಪಾಜಮ್ಮನ ಎದೆಯೊಳಗೆ ಅಳುಕಿತ್ತು, ನಾಲಗೆಯಲ್ಲಿರಲಿಲ್ಲ. “ನಿನ್ನ ಹೊಲಕ್ಕೆ ಹೊಡ್ದ ಗೊಬ್ರ ಯಾರ ಹಸೂಂದು? ನನ್ನ ಹಸೂಂದು! ಹಂಗಾದ್ರೆ ನಿನ್ನ ಮೆದೇನೂ ನಂದು, ನೀ ರಾತ್ರಿ ನುಂಗಿದ ಮುದ್ದೇನೂ ನಂದು!”

ಒಬ್ಬಳು ಕೆಂಚನ ಕಾಲು ಹಿಡಿದಳು, ಇನ್ನೊಬ್ಬಳು ರೆಕ್ಕೆ. ಪುಕ್ಕಗಳ ಮಳೆಯಲ್ಲಿ ಸೂರ್ಯಮಂಡಲವೇ ಮರೆಯಾಯಿತೆನ್ನುವಾಗ, ಒಳಗಿನಿಂದ ಕೂಸಿನ ಅಳು ಕೇಳಿತು. ಸಣ್ಣಗೆ, ಬಿಡದೆ.

ಜವರಮ್ಮನ ಕೈ ಸಡಿಲಾಯಿತು. “ಇನ್ನೂ ಹಾಲು ಇಳೀಲಿಲ್ವೇನಕ್ಕ?”

“ಇಲ್ಲ ಕನಮ್ಮಿ.”

“ಕುಯ್ಯಿ ಮತ್ತೆ. ನನ್ನ ಪಾಲು ಮಾತ್ರ ಬಿಡಾಕಿಲ್ಲ.”

ಪುಕ್ಕ ತರಿದ ಮೇಲೆ ಮಹಾಕಾಯ ಕೆಂಚ ಹಾಲು ಕಾಯಿಸುವ ಪಾತ್ರೆಯಲ್ಲಿ ಹಿಡಿಸಿದ. ಬಾಣಂತಿ ಕುಡಿದು, ಉಂಡು, ಬೆವರಿದ ಮೇಲೆ ಜವರಮ್ಮನ ಬಟ್ಟಲಿಗೆ ಬಂದದ್ದು ಕತ್ತಿನ ತುಂಡು.

“ಅಷ್ಟೊಂದು ಹುಲ್ಲಿಗೆ ಒಂದು ಕತ್ತಾ?”

“ಗೆದ್ಲು ತನ್ನ ಬಾಳಾಟಕ್ಕೆ ಮುಗಿಸ್ಕಂಡು ಉಳಿದದ್ದು ಹುಂಜಕ್ಕೆ. ಹುಂಜ ಕೂಗಿ, ಬೇಲಿ ಹಾರಿ, ಊರ ಹ್ಯಾಟೆಕೋಳಿಗಳ ಹಿಂದೆ ಓಡಿ ಉಳಿದದ್ದು ಇಷ್ಟು. ನಾನೇನು ಮಾಡ್ಲಿ?”

ಸಂಜೆಯ ಹೊತ್ತಿಗೆ ಹಾಲು ಇಳಿಯಿತು. ಕೂಸು ಹೊಟ್ಟೆ ತುಂಬ ಕುಡಿಯಿತು. “ಚಿಕ್ಕವ್ವ, ಒಸಿ ಎತ್ಕೊ” ಎಂದು ಮಂಗಳ ಕೊಟ್ಟಳು. ಜಗಲಿಯ ಮೇಲೆ ಕೂತ ಜವರಮ್ಮ ಮುದ್ದಾಡುತ್ತಿರಲು, ರಾಗಿಹೊಲದಿಂದ ಹೊರಟು ತೃಣ, ಕೀಟ, ಕುಕ್ಕುಟ, ಮಾತೃಕ್ಷೀರಗಳನ್ನು ದಾಟಿ ಬಂದ ಸೂರ್ಯತೇಜಸ್ಸಿನಲ್ಲಿ ಮಿಕ್ಕದ್ದು ಅವಳ ಮಡಿಲಲ್ಲಿ ಬೆಚ್ಚಗೆ ಹರಿದು, ಜಗಲಿಗೆ ಇಳಿಯಿತು.

“ತಕ್ಕಮ್ಮಿ, ಬಂತಲ್ಲ ನಿನ್ನ ಪಾಲು!”

“ನಗ್ಬೇಡ, ಜಗ್ಲಿ ಒರೆಸಕ್ಕೆ ಏನಾರ ತತ್ತ.”

ಕೆಂಪಾಜಮ್ಮ ಎದ್ದು, ಮೆದೆ ಅಂಗಳದ ತುಂಬ ಬಿದ್ದಿದ್ದರೂ, ಅಭ್ಯಾಸಬಲದಿಂದ ಸುತ್ತಿ ಹಿಂದಕ್ಕೆ ಹೋಗಿ, ಅತ್ತಿತ್ತ ನೋಡಿ, ಒಂದು ಹಿಡಿ ಹುಲ್ಲು ಎಳೆದಳು.