ದೈತ್ಯನಿಗೆ ತಲೆ ನಾಲ್ಕು

ಭಾಮೈದ: "ನನ್ನ ತಲೆ ಮುಟ್ಟೋಕೆ ನಿಮಗೆ ಹೇಳಿದ್ದು ಯಾರು ಭಾವ? ಎಡಗಡೆದು ನನ್ನದು, ಬಲಗಡೆದು ನಿಮ್ಮದು ಅಂತ ಮಾತಾಗಿತ್ತಲ್ಲ."

ಭಾವ: "ಮುಟ್ಟಿಲ್ಲ ಕಣಯ್ಯ. ನೀನು ಮಾಡೋದು ಕೆಟ್ಟರೆ ಇರಲಿ ಅಂತ ಎಡಗಡೆಗೂ ಒಂದು ಮಾಡಿಟ್ಟೆ, ಅಷ್ಟೇ."

ಊಟದ ಮೇಜಿನ ಮೇಲೆ ನಿಂತಿದ್ದುದು ಯುದ್ಧದಾಟದ ಪ್ಲಾಸ್ಟಿಕ್ ದೈತ್ಯನ ಮುಂಡ, ಒಂದು ಮೊಳ ಎತ್ತರದ್ದು. ಡಬ್ಬಿಯಲ್ಲಿ ಬಂದ ಒಂದೇ ತಲೆಯನ್ನು ಕಿತ್ತೆಸೆದು, ಒಣಗಿದರೆ ಗಟ್ಟಿಯಾಗುವ ಪುಟ್ಟಿ ಅಂಟಿನಲ್ಲಿ ಎರಡು ಹೊಸ ತಲೆ ಮಾಡಿ, ಬಣ್ಣ ಬಳಿದು, ಸಂಜೆಯ ಬೊಂಬೆ ಸ್ಪರ್ಧೆಗೆ ಒಯ್ಯಬೇಕು. ಭಾವ ದರ್ಜಿ. ಅವನ ಹೆಂಡತಿಯ ತಮ್ಮನಿಗೆ ಕನ್ನಡಕದ ಅಂಗಡಿ. ಭಾಮೈದನ ಕೈಗೆ ಮೊದಲು ಕುಂಚ ಕೊಟ್ಟವನೇ ಭಾವ. ಕೊಟ್ಟ ದಿನದಿಂದ ಇಂದಿನವರೆಗೆ ಒಂದು ಸಲವಾದರೂ 'ಚೆನ್ನಾಗಿದೆ' ಎಂದ ಪುಣ್ಯಾತ್ಮನಲ್ಲ. ಬಹುಮಾನ ಹಾಳಾಗಿ ಹೋಗಲಿ, ಭಾಮೈದನಿಗೆ ಬೇಕಾಗಿದ್ದುದು ಆ ಒಂದು ಮಾತು.

ಭಾಮೈದ: "ಕೆಡುತ್ತೆ ಅಂತ ಮೊದಲೇ ತೀರ್ಮಾನ ಮಾಡಿಬಿಟ್ರಾ?"

ಭಾವ: "ಹೋದ ಸಲ ಡ್ರ್ಯಾಗನ್ನಿಗೆ ಮೆಳ್ಳೆಗಣ್ಣು ಬರೆದವನು ನೀನು. ಕನ್ನಡಕ ಮಾರೋನು ಬೇರೆ."

ಅಷ್ಟರಲ್ಲಿ ತಟ್ಟೆ ಇಡಲು ಬಂದ ಅಕ್ಕ, ಜಾಗ ಮಾಡಲೆಂದು ತಮ್ಮನ ಚೀಲ ಎತ್ತಿದಳು. ಒಳಗಿಂದ ಒಂದಲ್ಲ, ಎರಡು ತಲೆ ಉರುಳಿದವು. ಭಾವನ ತಲೆ ಕೆಟ್ಟರೆ ಇರಲಿ ಎಂದು ಇವನೂ ಬಲಗಡೆಗೆ ಒಂದು ಮಾಡಿಟ್ಟಿದ್ದ.

ಭಾವ: "ಓಹೋ. ನನ್ನ ಮೇಲೂ ಅಷ್ಟೇ ನಂಬಿಕೆ."

ಭಾಮೈದ: "ನೀವು ಮೂಗು ಮಾಡಿದ್ರೆ ಕೋಟಿಗೆ ಗುಂಡಿ ಹೊಲಿದ ಹಾಗಿರುತ್ತೆ ಭಾವ."

ಅಕ್ಕ ನಾಲ್ಕನ್ನೂ ಬಾಚಿ ಒಂದು ಮೂಲೆಗೆ ತಳ್ಳಿದಳು. ಬದಲಿ ತಲೆಯ ಗುಟ್ಟು ರಟ್ಟಾಗಬಾರದೆಂದು ಒಬ್ಬರ ಕೈಚಳಕವನ್ನು ಒಬ್ಬರು ನಕಲು ಮಾಡಿದ್ದರು. ಈಗ ಯಾವುದು ಯಾರದೆಂದು ಅವಳಿಗಂತೂ ತಿಳಿಯಲಿಲ್ಲ. ಭಾವ ಕನ್ನಡಕ ಏರಿಸಿ ಒಂದನ್ನು ಎತ್ತಿಕೊಂಡ.

ಭಾವ: "ಇದು ನನ್ನದು. ಈ ಕಣ್ಣು ನೋಡು, ಬೈಯೋ ಹಾಗೂ ಇದೆ, ಅಳೋ ಹಾಗೂ ಇದೆ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ."

ಅದು ಭಾಮೈದ ಮಾಡಿದ ತಲೆ. ಅವನು ಹಿಗ್ಗಿ ಹೀರೇಕಾಯಿಯಾದ. ಬಾಯಿಬಿಟ್ಟರೆ ಭಾವ ಮಾತನ್ನು ಹಿಂದಕ್ಕೆ ತೆಗೆದುಕೊಂಡಾನೆಂದು ತುಟಿ ಹೊಲಿದುಕೊಂಡು ಕೂತ.

ಆಮೇಲೆ ಯಾವ ಎರಡನ್ನು ಅಂಟಿಸಬೇಕೆಂದು ಮತ್ತೆ ಶುರುವಾಯಿತು. ಊಟ ಆರುತ್ತಿತ್ತು. ನಾಲ್ಕನ್ನೂ ಅಂಟಿಸಿ ಮೊದಲು ಮೇಜು ಖಾಲಿ ಮಾಡಿ ಎಂದಳು ಅಕ್ಕ. ಅಂಟಿಸಿ ನೋಡಿದರೆ ಭಯಂಕರವಾಗಿತ್ತು. ಇಬ್ಬರು ಗಂಡಸರೂ ಮೇಜಿನ ಸುತ್ತ ಕುಣಿದರು.

ಭಾವ: "ಸರಿ, ಈಗ ಕಾಲು ಕೊಡು."

ಭಾಮೈದ: "ಯಾವ ಕಾಲು?"

ಭಾವ: "ಓಡೋ ಭಂಗಿ ಬೇಕು ಅಂತ ಹಳೇದು ಕತ್ತರಿಸಿದ್ದೆನಲ್ಲ. ಹೊಸದು ನೀನು ಮಾಡಿಲ್ವಾ?"

ಭಾಮೈದ: "ಕತ್ತರಿಸಿದವರು ನೀವು. ಮಾಡೋರೂ ನೀವೇ ಅಂದುಕೊಂಡೆ."

ಅಕ್ಕ: "ಇಬ್ಬರು ಸೇರಿ ನಾಲ್ಕು ತಲೆ ಮಾಡಿದ್ದೀರಿ, ಒಂದು ಕಾಲು ಮಾಡೋರಿಲ್ಲ. ಸೊಂಟದವರೆಗೆ ಕೆಸರಲ್ಲಿ ಹೂತುಬಿಡಿ."

ಹಾಗೇ ಮಾಡಿದರು. ಮಿಕ್ಕ ಪುಟ್ಟಿಯೆಲ್ಲ ಹಳೆಯ ತಟ್ಟೆಯೊಂದರಲ್ಲಿ ಕೆಸರಾಯಿತು. ಅದಕ್ಕೆ ಕಂದು ಬಣ್ಣ ಬಳಿದು, ಒಣಗುವ ಮೊದಲೇ ಹೊತ್ತುಕೊಂಡು ಓಡಿದರು.

ಸ್ಪರ್ಧೆಯ ತೀರ್ಪುಗಾರ ಬಗ್ಗಿ ಬಗ್ಗಿ ನೋಡಿದ. ಕೊನೆಗೆ ಬೈಯುವ ಹಾಗೂ ಅಳುವ ಹಾಗೂ ಇದ್ದ ಆ ತಲೆಯ ಮುಂದೆ ನಿಂತು, ಇದನ್ನು ಮಾಡಿದವರು ಯಾರೆಂದು ಕೇಳಿದ. ಭಾವ ತಡಮಾಡದೆ ಭಾಮೈದನ ಕಡೆ ಬೆರಳು ತೋರಿಸಿದ.

ಭಾಮೈದ: "ನಿಮಗೆ ಗೊತ್ತಿತ್ತಾ? ಮತ್ತೆ ನನ್ನದು ನನ್ನದು ಅಂದಿರಲ್ಲ?"

ಭಾವ: "ನಿನ್ನನ್ನು ಹೊಗಳಿದ್ರೆ ಕೊಬ್ಬುತ್ತೀಯ ಅಂತ ನನ್ನನ್ನೇ ಹೊಗಳಿಕೊಂಡೆ ಕಣಯ್ಯ."