ಕೆಂಪು ಗೆರೆಯ ಭಾಷಣ

ಕೋಪದಲ್ಲಿ ಬರೆದದ್ದನ್ನು ಅಳಿಸಿದರೆ ಪೀಡೆ ತೊಲಗಿತು ಎಂದು ಹೆಡ್ ಕ್ಲರ್ಕ್ ನಂಬಿದ್ದೇ ತಪ್ಪಾಯಿತು.

ಅಂದು ಸಂಜೆ ಮ್ಯಾನೇಜರ್ ನಿವೃತ್ತಿ. ಬೀಳ್ಕೊಡುಗೆ ಭಾಷಣ ಬರೆಯುವ ಕೆಲಸ ಇವನ ತಲೆಗೆ ಬಿದ್ದಿತ್ತು. ಖಾಲಿಯಾಗುವ ಕುರ್ಚಿ ಸಿಗಬೇಕಾದದ್ದೂ ಇವನಿಗೇ. ಹೆಂಡತಿಯಂತೂ ಆಗಲೇ ತನ್ನ ತಮ್ಮನಿಗೆ ಫೋನ್ ಮಾಡಿ, ನಾಳೆಯಿಂದ ನಿನ್ನ ಭಾವ ಮ್ಯಾನೇಜರ್ ಎಂದು ಸಾರಿಬಿಟ್ಟಿದ್ದಳು.

ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತವನು ವರ್ಷಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ಮೊದಲು ಕಕ್ಕಿದ. "ರಜೆ ಕೇಳಿದರೆ ಆಸ್ತಿಯಲ್ಲಿ ಪಾಲು ಕೇಳಿದಂತೆ ಉರಿದುಬೀಳುವ ಮನುಷ್ಯ" ಎಂದು ಶುರುವಾಗಿ ಪುಟ ತುಂಬಿತು. ಮನಸ್ಸು ಹಗುರಾಯಿತು. ಆಮೇಲೆ ಅದನ್ನಷ್ಟೂ ಅಳಿಸಿ, ಬೆಣ್ಣೆಯಂಥ ಹೊಗಳಿಕೆ ಬರೆದ. ಆದರೆ ಅಳಿಸಿದ್ದು ಹೋಗಲೇ ಇಲ್ಲ. ಕೆಂಪು ಬಣ್ಣಕ್ಕೆ ತಿರುಗಿ, ನಡುವೆ ಒಂದು ಗೆರೆ ಎಳೆಸಿಕೊಂಡು, ಚೆನ್ನಾಗಿ ಓದಲು ಬರುವಂತೆ ಹೊಗಳಿಕೆಯ ಪಕ್ಕದಲ್ಲೇ ಕೂತಿತ್ತು.

ಅಳಿಸಿದ, ಒತ್ತಿದ, ಗುದ್ದಿದ. ಗದ್ದಲ ಕೇಳಿ ಕ್ಯಾಷಿಯರ್ ಬಂದು ಇಣುಕಿದ. ಓದುತ್ತ ಓದುತ್ತ ಅವನ ಮುಖ ಅರಳಿತು. ಇದು ವೈರಸ್ಸೇ ಸರಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ ಎಂದ. ಆರಿಸಿ ಹಾಕಿದರೂ ಕೆಂಪು ಅಲ್ಲೇ. ಹಾಗಾದರೆ ಅಕ್ಷರಕ್ಕೆ ಬಿಳಿ ಬಣ್ಣ ಬಳಿಯಿರಿ ಎಂದ. ಬಳಿದದ್ದೇ ತಡ, ಅಂಚಿನಲ್ಲಿ ಸಾಲುಸಾಲು ಚೀಟಿಗಳು ಎದ್ದು, ಯಾವ ಸಾಲನ್ನು ಯಾರು ತಿದ್ದಿದರು ಎಂದು ಹೆಡ್ ಕ್ಲರ್ಕಿನ ಹೆಸರನ್ನೇ ಸಾರತೊಡಗಿದವು.

ಕೊನೆಗೆ ಟೈಪಿಸ್ಟ್ ಅಕ್ಕ ಇಬ್ಬರನ್ನೂ ಸರಿಸಿ ಕೂತಳು. "ಅಳಿಸೋಕೆ ಮುಂಚೆ ತಿದ್ದಿದ್ದನ್ನೆಲ್ಲ ಗುರುತು ಹಾಕಿ ತೋರಿಸೋ ಗುಂಡಿ ಒತ್ತಿಬಿಟ್ಟಿದ್ದೀರ. ಇಲ್ಲಿ ಒಪ್ಪು, ತಿರಸ್ಕರಿಸು ಅಂತ ಎರಡಿದೆ ನೋಡಿ. ಬೈದಿರೋದು ನಮಗೆ ಬೇಡ ತಾನೇ? ತಿರಸ್ಕರಿಸಿದ್ರಾಯ್ತು."

ಒತ್ತಿದಳು. ಯಂತ್ರ ತಿರಸ್ಕರಿಸಿದ್ದು ಬೈಗುಳವನ್ನಲ್ಲ, ತಿದ್ದುಪಡಿಯನ್ನು. ಬೆಣ್ಣೆಯೆಲ್ಲ ಕರಗಿ ಮಾಯವಾಗಿ, ಬೈಗುಳ ಅಚ್ಚಕಪ್ಪಾಗಿ ನಿಂತಿತು. ಅದೇ ಗಳಿಗೆಗೆ ಮ್ಯಾನೇಜರ್ ಕೋಣೆಯಿಂದ ಹೊರಬಂದು, ಭಾಷಣ ಎಲ್ಲಿಗೆ ಬಂತು ಎಂದರು. ಹೆಡ್ ಕ್ಲರ್ಕ್ ಪರದೆಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತು, ಕೊನೇ ಸಾಲಿನಲ್ಲಿದೆ ಸಾರ್ ಎಂದು ಹಲ್ಲು ಕಿರಿದ. ಅವರು ಅನುಮಾನದಿಂದಲೇ ಒಳಗೆ ಹೋದರು.

ಟೈಪಿಸ್ಟ್ ಅಕ್ಕ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡು, ಈ ಸಲ ಎಲ್ಲವನ್ನೂ ಒಪ್ಪಿದಳು. ಕೆಂಪು ಹೋಯಿತು, ಚೀಟಿಗಳು ಹೋದವು. ಹೊಗಳಿಕೆ ಮಾತ್ರ ಅಪ್ಪಟ ಚಿನ್ನದಂತೆ ಉಳಿಯಿತು. ಪ್ರಿಂಟ್ ಬಂದಾಗ ಹೆಡ್ ಕ್ಲರ್ಕ್ ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದ. ಹೋದ ಜೀವ ಬಂದಂತಾಯಿತು.

ಸಂಜೆ ಭಾವ ತುಂಬಿ ಓದಿದ. ತಂದೆಯಂಥವರು, ಅವರಿಲ್ಲದ ಕಚೇರಿ ಕಚೇರಿಯೇ ಅಲ್ಲ ಎನ್ನುವಾಗ ಕ್ಯಾಷಿಯರ್ ಕೂಡ ಮೂಗು ಒರೆಸಿಕೊಂಡ. ಮ್ಯಾನೇಜರ್ ಎದ್ದು ನಿಂತರು. ಕಣ್ಣು ತುಂಬಿತ್ತು.

"ಇನ್ನೆರಡು ವರ್ಷ ಮುಂದುವರೀರಿ ಅಂತ ಮೇಲಿನವರು ಕೇಳ್ತಾನೇ ಇದ್ರು. ಇಲ್ಲಿ ನಾನು ಯಾರಿಗೂ ಬೇಡ ಅಂದ್ಕೊಂಡು ಒಲ್ಲೆ ಅಂದಿದ್ದೆ. ಈಗ ನಿಮ್ಮನ್ನೆಲ್ಲ ಬಿಟ್ಟು ಹೇಗೆ ಹೋಗ್ಲಿ? ಇರ್ತೀನಿ." ಹೆಡ್ ಕ್ಲರ್ಕಿನ ಭುಜ ಹಿಡಿದು ಮೆಲ್ಲಗೆ ಕೇಳಿದರು, "ಇಷ್ಟು ಪ್ರೀತಿ ಇಟ್ಕೊಂಡು ಒಂದಿನಾನೂ ಬಾಯಿಬಿಟ್ಟು ಹೇಳ್ಲಿಲ್ವಲ್ರೀ?"

ಚಪ್ಪಾಳೆ ಯಾರಾದರೂ ಶುರು ಮಾಡಲೇಬೇಕಿತ್ತು. ಭಾಷಣ ತನ್ನದೇ ಆದ್ದರಿಂದ ಹೆಡ್ ಕ್ಲರ್ಕೇ ಶುರು ಮಾಡಿದ.